ಉಕ್ಕಿನ ಹಣೆಗೆ ವಿಭೂತಿ

ಉಕ್ಕಿಗೂ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಚಾಳಿ ಇದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಬೆಸುಗೆ ಹಾಕಿದ ಜಾಗ ತಣ್ಣಗಾಗುವಾಗ ಒಳಗೊಳಗೇ ಬಿಗಿದುಕೊಳ್ಳುತ್ತದೆ. ಮೇಲೆ ನೋಡಿದರೆ ನುಣುಪು, ಎಂದೋ ಒಂದು ದಿನ ಬಿರುಕು. ಕಡೇಚೂರಿನ ಕಾರ್ಖಾನೆಯಲ್ಲಿ ಆ ಬಿಗಿತವನ್ನು ಆಯಸ್ಕಾಂತದಿಂದ ಪತ್ತೆ ಹಚ್ಚುವುದು ನನ್ನ ಕೆಲಸ. ಯಂತ್ರದ ಮೂತಿಯನ್ನು ಉಕ್ಕಿಗೆ ತಾಗಿಸಿದರೆ ಒಳಗಿನ ಕಾಂತಶಕ್ತಿ ಅತ್ತಿತ್ತ ಹೊರಳಿ ಚರಚರ ಎನ್ನುತ್ತದೆ. ಬಿಗಿತ ಹೆಚ್ಚಿದ್ದರೆ ಸದ್ದು ಜಾಸ್ತಿ, ಸಡಿಲವಾಗಿದ್ದರೆ ಕಡಿಮೆ; ಯಂತ್ರ ಅದನ್ನು ಅಂಕಿಯಲ್ಲಿ ತೋರಿಸುತ್ತದೆ. ದೋರನಹಳ್ಳಿಯ ನಮ್ಮ ಅತ್ತೆಗೆ ಇದನ್ನು ವಿವರಿಸಿದಾಗ ಅವರು ರೊಟ್ಟಿ ಬಡಿಯುತ್ತಲೇ, "ಕಬ್ಬಿಣದ ಮಾತು ಕೇಳಾಕ ಕಾಲೇಜು ಕಲೀಬೇಕೇನ್ರಿ?" ಎಂದಿದ್ದರು.

ಮೊನ್ನೆ ಆಸಿಡ್ ತುಂಬುವ ಟ್ಯಾಂಕೊಂದು ಪರೀಕ್ಷೆಗೆ ಬಂತು. ನಾನು ರುಜು ಹಾಕಿದರೆ ಸಂಜೆಗೆ ಲಾರಿ ಹತ್ತುತ್ತದೆ. ತಪ್ಪಾಗಿ ಹಾಕಿದರೆ ಮುಂದೊಂದು ದಿನ ಟ್ಯಾಂಕು ಸೀಳಿ, ಪಕ್ಕದಲ್ಲಿ ದುಡಿಯುವವರ ಕಥೆ ಮುಗಿಯುತ್ತದೆ. ನಮ್ಮ ಹಿರಿಯ ವೆಲ್ಡರ್ ಶರಣಪ್ಪ, ಸುರಪುರದವರು, ಬಿಗಿತ ಇಳಿಯಲೆಂದು ಕುಲುಮೆಯಲ್ಲಿ ಕಾಯಿಸಿದ ಟ್ಯಾಂಕಿನ ಬೆಸುಗೆಯುದ್ದಕ್ಕೂ ದಪ್ಪಗೆ ವಿಭೂತಿ ಬಳಿದಿದ್ದರು. ಉಕ್ಕನ್ನು ಒರೆಸಿಯೇ ಅಳೆಯಬೇಕೆಂದು ನನಗೆ ಗೊತ್ತು. ಆದರೆ ವಿಭೂತಿಯನ್ನು ಚಿಂದಿಬಟ್ಟೆಯಲ್ಲಿ ಒರೆಸುವಷ್ಟು ನನ್ನ ಓದು ಮುಂದುವರಿದಿರಲಿಲ್ಲ. ಅದರ ಮೇಲೆಯೇ ಮೂತಿ ಇಟ್ಟೆ. ಆಹಾ, ಎಲ್ಲೆಡೆ ಒಂದೇ ಪ್ರಶಾಂತ ಅಂಕಿ. ಎರಡೆರಡು ಸಲ ಕಿತ್ತು ಬೆಸೆದ ಮೂಲೆಯೂ ಶಾಂತವಾಗಿದ್ದಾಗ ಮಾತ್ರ ನನಗೆ ಅನುಮಾನ ಬಂತು. ಹೊದಿಕೆಯ ಮೇಲಿನಿಂದ ನಾಡಿ ಹಿಡಿದಂತಾಗಿತ್ತು ನನ್ನ ಪರೀಕ್ಷೆ. ಮನಸ್ಸಿನಲ್ಲೇ ಕ್ಷಮೆ ಬೇಡಿ, ಜೇಬಿನ ಮಡಿ ಕರವಸ್ತ್ರದಿಂದ ಒರೆಸಿ ಮತ್ತೆ ಇಟ್ಟೆ. ಆ ಮೂಲೆಯಲ್ಲಿ ಯಂತ್ರ ಬೊಬ್ಬೆ ಹೊಡೆಯಿತು.

"ನೋಡ್ರಿ ಸಾಹೇಬ್ರ, ಛಲೋ ಇತ್ತು. ನೀವು ಈಬತ್ತಿ ಒರಸಿದ್ರಿ, ಫೇಲ್ ಆತು," ಎಂದರು ಶರಣಪ್ಪ. ಕಣ್ಣೆದುರಿನ ಅಂಕಿಗಳೂ ಅವರ ಪಕ್ಷವನ್ನೇ ವಹಿಸಿದ್ದರಿಂದ ನಾನು ವಾದಕ್ಕಿಳಿಯಲಿಲ್ಲ. ಲಾರಿ ಬರಿದೇ ಹೋಯಿತು, ಮ್ಯಾನೇಜರು ಮುಖ ಊದಿಸಿದರು, ಟ್ಯಾಂಕು ಮತ್ತೆ ಕುಲುಮೆಗೆ ಹೋಯಿತು. "ಈ ಸಲ ಪರೀಕ್ಷೆ ಮುಗಿಯುವ ತನಕ ಟ್ಯಾಂಕಿಗೆ ವಿಭೂತಿ ಬ್ಯಾಡ್ರಿ," ಎಂದು ಕೈಮುಗಿದೆ.

ಶರಣಪ್ಪ ಮಾತಿಗೆ ತಪ್ಪುವವರಲ್ಲ. ಟ್ಯಾಂಕು ತಣ್ಣಗಾಗಿ ನಾನು ಯಂತ್ರ ಎತ್ತಿಕೊಳ್ಳುತ್ತಿದ್ದಂತೆ ಬಂದು ನನ್ನ ಹಣೆಗೆ ಮೂರು ಬೆರಳು ಎಳೆದರು. "ಟ್ಯಾಂಕಿಗೆ ಬ್ಯಾಡ ಅಂದ್ರಲ್ರಿ, ಅದ್ಕ ನಿಮಗ ಹಚ್ಚೀನಿ." ಟ್ಯಾಂಕು ಸಲೀಸಾಗಿ ಪಾಸಾಯಿತು. ಕುಲುಮೆಯ ಕಾವು ಸರಿಯಾಗಿ ತಗಲಿದ್ದೇ ಅದಕ್ಕೆ ಕಾರಣವೆಂದು ವರದಿಯಲ್ಲಿ ಬರೆದು, ಧೈರ್ಯವಾಗಿ ರುಜು ಹಾಕಿದ್ದೇನೆ. ಅಂದಿನಿಂದ ಯಂತ್ರ ಚಾಲು ಮಾಡುವ ಮೊದಲು ಶರಣಪ್ಪ ಎಲ್ಲಿದ್ದಾರೆಂದು ಹುಡುಕಿಕೊಂಡು ಹೋಗಿ ಹಣೆ ಒಡ್ಡಿ ನಿಲ್ಲುತ್ತೇನೆ. ಅದನ್ನು ಮಾತ್ರ ಯಾವ ವರದಿಯಲ್ಲೂ ಬರೆಯುವುದಿಲ್ಲ.