ಏನು ಬೇಕೆಂದು ಕೇಳದ ಹೋಟೆಲು

ಗಿರಾಕಿಯನ್ನು 'ಏನು ಬೇಕು?' ಎಂದು ಕೇಳದೆ ಹೋಟೆಲು ನಡೆಸಿದವರು ಈ ಭೂಲೋಕದಲ್ಲಿ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ! ಮುಂಡಾಜೆಯಲ್ಲಿ, ಚಾರ್ಮಾಡಿ ಘಾಟಿಗೆ ಹೋಗುವ ರಸ್ತೆಯ ಬದಿಗೆ ಅವರ ಮುಳಿಹುಲ್ಲಿನ ಮಾಡಿನ ಹೋಟೆಲು. ನಾನು ಅವರ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದ ಕಾಲ ಅದು. ಗಿರಾಕಿ ಬೆಂಚಿನಲ್ಲಿ ಕೂತ ಕೂಡಲೇ ಮಾವ ಅವನ ಮುಖ ನೋಡುವರು. ಆಮೇಲೆ ಅವನು ಏನು ತಿನ್ನಬೇಕೆಂಬುದು ಅವರದೇ ತೀರ್ಪು. ಅದರ ಮೇಲೆ ಅಪೀಲು ಇಲ್ಲ.

ಒಮ್ಮೆ ನಮ್ಮ ಹೆಡ್ಮಾಸ್ಟರು ಬಂದು ಗೋಳಿಬಜೆ ಕೇಳಿದರು.

"ನಿಮಗೆ ಗೋಳಿಬಜೆ ಇಲ್ಲ" ಎಂದರು ಮಾವ.

"ಅಲ್ಲಿ ತಟ್ಟೆ ತುಂಬ ಉಂಟಲ್ಲ ಮಾರಾಯ್ರೆ!"

"ಉಂಟು. ನಿಮಗಿಲ್ಲ. ಮುಖ ನೋಡಿದರೆ ಹೊಟ್ಟೆ ಉಬ್ಬರ. ಜೀರಿಗೆ ಕಷಾಯ ಕುಡಿಯಿರಿ."

ಊರ ಮಕ್ಕಳನ್ನೆಲ್ಲ ನಡುಗಿಸುವ ಹೆಡ್ಮಾಸ್ಟರು ಬಾಯಿ ಮುಚ್ಚಿ ಕಷಾಯ ಕುಡಿದರು! ಮರುದಿನ ತಾವಾಗಿಯೇ ಬಂದು ಮುಖ ತೋರಿಸಿದರು.

ಇನ್ನೊಮ್ಮೆ ಘಟ್ಟ ಇಳಿದು ಮದುವೆಯ ದಿಬ್ಬಣ ಬಂತು. ಎಲ್ಲರಿಗೂ ದೋಸೆ, ಮದುಮಗನಿಗೆ ಮಾತ್ರ ಮಜ್ಜಿಗೆ. "ಹುಡುಗ ಹೆದರಿದ್ದಾನೆ. ಹೆದರಿದ ಹೊಟ್ಟೆಗೆ ದೋಸೆ ಹಾಕಬಾರದು" ಎಂದರು ಮಾವ. ಹುಡುಗನ ಅಪ್ಪ ಜಗಳಕ್ಕೇ ನಿಂತರು. ಮಾವ ಅವರ ಮುಖವನ್ನೂ ಒಮ್ಮೆ ನೋಡಿ ಅವರಿಗೂ ಮಜ್ಜಿಗೆ ಕೊಟ್ಟರು!

ಇಷ್ಟಾದರೂ ಜನ ಬರುತ್ತಿದ್ದರೇ? ಬರದೆ ಏನು! ಘಟ್ಟದ ಬಸ್ಸುಗಳೆಲ್ಲ ಅಲ್ಲೇ ನಿಲ್ಲುತ್ತಿದ್ದವು. ಮಾವನ ತೀರ್ಪು ಹೇಗೇ ಇರಲಿ, ಅತ್ತೆಯ ದೋಸೆಯ ಮಾತೇ ಬೇರೆ. ಅತ್ತೆ ಹೊರಗೆ ಬಂದವರಲ್ಲ. ಅಡುಗೆಕೋಣೆಯ ಬಾಗಿಲಿನಿಂದ ತಟ್ಟೆ ನೀಡುವ ಬಳೆಯ ಕೈಯಷ್ಟೇ ಗಿರಾಕಿಗಳಿಗೆ ಗೊತ್ತು.

ಒಂದು ಮಳೆಗಾಲದಲ್ಲಿ ಘಾಟಿಯ ಗುಡ್ಡ ಜರಿಯಿತು. ರಸ್ತೆ ಹೋಯಿತು, ಬಸ್ಸೂ ನಿಂತಿತು. ದುರಸ್ತಿ ಇವತ್ತಾಗ್ತದೆ, ನಾಳೆ ಆಗ್ತದೆ ಎನ್ನುತ್ತಾ ಮಳೆ ಹೋಗಿ ಚಳಿ ಬಂತು, ಸೆಕೆಯೂ ಬಂತು. ಮಾವನಿಗೆ ನೋಡಲು ಮುಖಗಳೇ ಇಲ್ಲ! ಅತ್ತೆ ಮಾತ್ರ ದಿನವೂ ಅಕ್ಕಿ, ಉದ್ದು ನೀರಿಗೆ ಹಾಕುವರು. ಸಂಜೆ ಕಲ್ಲಿನಲ್ಲಿ ಕಡೆಯುವರು. ಉಳಿದ ಹಿಟ್ಟೆಲ್ಲ ನಮ್ಮ ಪಾಲಿಗೆ. ಹುಳಿ ದೋಸೆ ತಿಂದು ತಿಂದು ಬೇಸತ್ತು ನಮ್ಮ ಮನೆಯ ನಾಯಿ ಪಕ್ಕದ ಮನೆಗೆ ಹೋಗಿ ನಿಂತಿತು.

ಒಂದು ದಿನ ಹೆಡ್ಮಾಸ್ಟರು ಬಂದು ಕೂತಾಗ ಮಾವ ನೆಲ ನೋಡುತ್ತಲೇ ಕೇಳಿದರು: "ಏನು ಬೇಕು?"

ಹೆಡ್ಮಾಸ್ಟರು ಗಾಬರಿಯಾಗಿ ಎದ್ದು ನಿಂತರು. "ಸೌಖ್ಯ ಇಲ್ವಾ ಭಟ್ರೇ?"

ನಗಬೇಕಾದ ಮಾತು. ನಮಗ್ಯಾರಿಗೂ ನಗು ಬರಲಿಲ್ಲ. ಆವತ್ತೇ ಮಾವ ಅತ್ತೆಗೆ ಹೇಳಿದರು: "ಇನ್ನು ಅಕ್ಕಿ ನೀರಿಗೆ ಹಾಕಬೇಡ. ಹೋಟೆಲು ಸಾಕು." ಮರುದಿನದಿಂದ ಹೋಟೆಲಿನ ಬಾಗಿಲು ತೆರೆಯಲಿಲ್ಲ. ಸಂಜೆಯಾದರೆ ಕಡೆಯುವ ಕಲ್ಲು ಮಾತ್ರ ಯಾವತ್ತಿನಂತೆ ಗುಡುಗುಡು ಎನ್ನುತ್ತಿತ್ತು. ಮಾವ ಕೇಳಿಯೂ ಕೇಳದವರ ಹಾಗೆ ಇರುತ್ತಿದ್ದರು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಸ್ಸಿನ ಹಾರನ್ನು! ಹಿಂದೆಯೇ ಯಾರೋ ಹಲಗೆ ಬಾಗಿಲು ಬಡಿದರು. ಘಟ್ಟದ ಬಸ್ಸಿನ ಹಳೆಯ ಡ್ರೈವರು.

"ಭಟ್ರೇ, ಬಾಗಿಲು ತೆಗೀರಿ! ರಸ್ತೆ ಆಯ್ತು! ನನ್ನ ಮುಖ ನೋಡಿ ಮಾರಾಯ್ರೆ!"

ಮಾವ ಬಾಗಿಲು ತೆಗೆದರು. ನೋಡಿದರು. "ನಿಮಗೆ ದೋಸೆ ಇಲ್ಲ. ಗಂಜಿ" ಎಂದರು. ಡ್ರೈವರು ಲಾಟರಿ ಹೊಡೆದವನಂತೆ ನಕ್ಕ. ಬಸ್ಸಿನವರಿಗೆ ಒಬ್ಬೊಬ್ಬರಾಗಿ ದೋಸೆ ಸಿಕ್ಕತೊಡಗಿತು. ಹಿಟ್ಟು ತಳ ಕಂಡಾಗ ಮಾತ್ರ ಉಳಿದವರ ಮುಖದಲ್ಲೆಲ್ಲ ಮಾವನಿಗೆ ಅಜೀರ್ಣ ಕಾಣಿಸಿತು. ಅವರಿಗೆಲ್ಲ ಕಷಾಯ!

ಬಸ್ಸು ಹೋದ ಮೇಲೆ ಮಾವ ಅಡುಗೆಕೋಣೆಗೆ ಹೋದರು. ಅತ್ತೆ ಒಲೆಯ ಮುಂದೆ ಬೆವರು ಒರೆಸುತ್ತಾ ಕೂತಿದ್ದರು.

"ನಿನಗೆ ಏನು ಬೇಕು?" ಎಂದು ಕೇಳಿದರು ಮಾವ.

"ಊರಿಗೆಲ್ಲ ಮುಖ ನೋಡಿ ಹೇಳ್ತೀರಲ್ಲ, ನನ್ನದೂ ನೋಡಿ ಹೇಳಿ" ಎಂದರು ಅತ್ತೆ.

ಮಾವ ನೋಡಿದರು, ತುಂಬ ಹೊತ್ತು. ಎಷ್ಟೋ ವರ್ಷಗಳಲ್ಲಿ ಅವರು ನೋಡದೆ ಬಿಟ್ಟದ್ದು ಅದೊಂದೇ ಮುಖ. ಅತ್ತೆಯನ್ನು ಎಬ್ಬಿಸಿ ಹೊರಗೆ ಗಿರಾಕಿಯ ಬೆಂಚಿನಲ್ಲಿ ಕೂರಿಸಿದರು. ಪಾತ್ರೆ ಕೆರೆದು ತಾವೇ ಒಂದು ದೋಸೆ ಹುಯ್ದರು. ಅದು ಕಾವಲಿಗೆ ಅಂಟಿ ಹರಿದು ಚೂರುಚೂರಾಯಿತು. ಅತ್ತೆ ಅದನ್ನು ಒಂದು ಚೂರೂ ಬಿಡದೆ ತಿಂದರು.

ಆ ಮಧ್ಯಾಹ್ನ ಅಕ್ಕಿ, ಉದ್ದು ನೀರಿಗೆ ಹಾಕಿದ್ದು ಮಾವ.