ಟಪಾಲಣ್ಣನ ಟೋಪಿ

ಆನೆಯ ತಲೆಯ ಮೇಲಿನ ಟೋಪಿ ಯಾವ ಕಡೆಗೆ ವಾಲಿರಬೇಕು ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ಹಗುರವಾದ ಪ್ರಶ್ನೆಯಲ್ಲ. ಮಕ್ಕಳ ವಾರಪತ್ರಿಕೆಯೊಂದರ ಕಚೇರಿಯಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಾಲ್ವರು ವಯಸ್ಕರು ಇದೇ ವಿಷಯವನ್ನು ಚರ್ಚಿಸಿದರು. ಊಟದ ಡಬ್ಬಿಗಳು ಬಿಚ್ಚದೆ ಹಾಗೇ ಉಳಿದವು. ಅವರಲ್ಲೊಬ್ಬರ ಕೆಲಸ ಆ ಟೋಪಿಯ ಮೇಲೆ ನಿಂತಿತ್ತು.

ಆ ಒಬ್ಬರು ಕರಡು ತಿದ್ದುವವರು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ತಿದ್ದಪ್ಪ. ಹೊಸಬರು ಅದೇ ಅವರ ನಿಜವಾದ ಹೆಸರೆಂದು ತಿಳಿದು ತಿದ್ದಪ್ಪನವರೇ ಎಂದು ಗೌರವದಿಂದ ಕರೆಯುತ್ತಿದ್ದರು, ಅವರೂ ತಿದ್ದಲು ಹೋಗಿರಲಿಲ್ಲ. ಅವರು ತಿದ್ದದೆ ಬಿಟ್ಟದ್ದು ಅದೊಂದನ್ನೇ. ಔಷಧಿಯ ಚೀಟಿ, ಬಸ್ಸಿನ ಟಿಕೆಟ್ಟು, ಹೆಂಡತಿ ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸಿದ ಹೆಸರು, ಎಲ್ಲದರ ಮೇಲೂ ಅವರ ಕೆಂಪು ಪೆನ್ನು ಓಡಾಡಿತ್ತು. ಆಮೇಲೆ ಆಕೆ ಚೀಟಿ ಅಂಟಿಸುವುದನ್ನೇ ನಿಲ್ಲಿಸಿದ್ದರು. ಆ ಮನೆಯಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ಎಂಬುದು ಈಗ ಆಕೆಗೊಬ್ಬರಿಗೇ ಗೊತ್ತು.

ಪತ್ರಿಕೆಯ ಜೀವಾಳ ಟಪಾಲಣ್ಣ. ಚೀಲ ಹೊತ್ತು ಮನೆಮನೆಗೆ ಕಾಗದ ಹಂಚುವ ಆನೆ. ಅವನ ಚಿತ್ರವನ್ನು ತಾವೂ ಬರೆದು ಕೆಳಗಿನ ಕೌಂಟರಿನ ಪೆಟ್ಟಿಗೆಗೆ ಹಾಕಿದವರಿಗೆ ಅದೇ ಸಂಜೆ ಟಪಾಲಣ್ಣನೇ ಉತ್ತರ ಬರೆಯುತ್ತಾನೆ. ಕೊನೆಯಲ್ಲಿ ಆನೆಯ ಹೆಜ್ಜೆಯ ಮುದ್ರೆ. ಆ ಉತ್ತರಗಳನ್ನು ಬರೆಯುವವರು ತಿದ್ದಪ್ಪನವರು ಎಂಬುದು ಕಚೇರಿಯ ಹೊರಗೆ ಯಾರಿಗೂ ತಿಳಿಯಕೂಡದು. ಕೆಲಸಕ್ಕೆ ಸೇರಿದಾಗಲೇ ಅವರಿಂದ ಆ ಮಾತು ತೆಗೆದುಕೊಂಡಿದ್ದರು. ಹೆಂಡತಿಗೂ ಹೇಳಿರಲಿಲ್ಲ.

ಆ ಮಂಗಳವಾರಕ್ಕೆ ಒಂದು ತಿಂಗಳು ಮೊದಲು ಹುಡುಗಿಯೊಬ್ಬಳಿಗೆ ಹೋದ ಉತ್ತರದಲ್ಲಿ ಹತ್ತೊಂಬತ್ತು ತಪ್ಪುಗಳ ಪಟ್ಟಿಯಿತ್ತು. ಅವಳ ತಾಯಿ ಕೌಂಟರಿಗೆ ಬಂದು, "ನಿಮ್ಮ ಆನೆಗೆ ಮೈಯೆಲ್ಲ ಹಲ್ಲಾ? ಮಗು ಅವತ್ತಿಂದ ಪೆನ್ಸಿಲ್ ಮುಟ್ಟಿಲ್ಲ" ಎಂದು ಕೂಗಾಡಿ ಹೋದರು. ಸಂಪಾದಕಿ ಮೇಡಂ ತಿದ್ದಪ್ಪನವರನ್ನು ಕರೆಸಿದರು.

"ಇನ್ನು ಮೇಲೆ ಎರಡು ಹೊಗಳಿಕೆ, ನಡುವೆ ಒಂದೇ ಒಂದು ತಿದ್ದುಪಡಿ. ಇನ್ನೊಂದು ದೂರು ಬಂದರೆ ನಿಮ್ಮನ್ನ ಕೆಳಗಿನ ಮಹಡಿಗೆ ಹಾಕ್ತೀನಿ. ರೈಲ್ವೆ ವೇಳಾಪಟ್ಟಿಯ ಕರಡು ತಿದ್ದೋಕೆ."

ಅಲ್ಲಿ ಹನ್ನೆರಡು ವರ್ಷ ಅಂಕಿಗಳನ್ನೇ ತಿದ್ದಿದ ಒಬ್ಬರು ತಮ್ಮ ಮಕ್ಕಳನ್ನು ಪ್ಲಾಟ್‌ಫಾರಂ ನಂಬರಿನಿಂದ ಕರೆಯುತ್ತಾರೆಂಬ ಸುದ್ದಿಯಿತ್ತು. ತಿದ್ದಪ್ಪನವರು ಬೆವರಿದರು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅವರನ್ನು ಕಾಡಿದ್ದು ವೇಳಾಪಟ್ಟಿಯಲ್ಲ, ಆ ಹುಡುಗಿಯ ಪೆನ್ಸಿಲು. ಅದು ಎಲ್ಲಿ ಬಿದ್ದಿದೆಯೋ ಎಂದುಕೊಂಡು ಒಂದು ನಿಲ್ದಾಣ ಮುಂದೆ ಹೋಗಿ ಇಳಿದರು.

ಆ ಮಂಗಳವಾರ ಬೆಳಿಗ್ಗೆ ಮನೆಯ ಮೆಟ್ಟಿಲಿಳಿಯುವಾಗ, ಮೇಲಿನ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಎಂದಿನಂತೆ ಕೂಗಿದರು: "ಬೆನ್ನು ನೆಟ್ಟಗೆ, ಸಾರ್! ಎದೆ ಮುಂದೆ! ಇವತ್ತು ಒಳ್ಳೇ ದಿನ, ನೋಡ್ತಾ ಇರಿ!"

ಯಾವ ದಿನವನ್ನೂ ಕೆಟ್ಟ ದಿನ ಎನ್ನದ ಮನುಷ್ಯ. ತಿದ್ದಪ್ಪನವರಿಗೆ ಅವರನ್ನು ಕಂಡರಾಗುತ್ತಿರಲಿಲ್ಲ.

ಅಂದು ಪೆಟ್ಟಿಗೆಯಲ್ಲಿದ್ದದ್ದು ಒಂದೇ ಲಕೋಟೆ. ಒಳಗೆ ಒಂದು ಚಿತ್ರ, ಒಂದು ಚೀಟಿ. ಚೀಟಿಯ ಅಕ್ಷರಗಳು ಕವಾಯತಿಗೆ ನಿಂತ ಹಾಗೆ ನೆಟ್ಟಗಿದ್ದವು. ಒಂದೂ ತಪ್ಪಿಲ್ಲದ್ದು ಕಂಡು ತಿದ್ದಪ್ಪನವರಿಗೆ ಕೊಂಚ ಬೇಸರವಾಯಿತು.

"ಟಪಾಲಣ್ಣನಿಗೆ ನಮಸ್ಕಾರ. ಬಹಳ ದಿನದಿಂದ ನಿನ್ನನ್ನು ಬರೆಯುತ್ತಿದ್ದೇನೆ. ಯಾರಿಗೂ ತೋರಿಸಿಲ್ಲ. ಈ ಸಲ ನಮ್ಮ ಮನೆಯಲ್ಲಿರುವ ಒಬ್ಬರನ್ನು ನೋಡಿಕೊಂಡು ಬರೆದೆ. ಹೇಗಿದೆ, ಇದ್ದದ್ದು ಇದ್ದ ಹಾಗೆ ಹೇಳು. ಪ್ರಯೋಜನವಿಲ್ಲ ಅಂದರೆ ಬಣ್ಣದ ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಇಂತಿ, ಚಿಟ್ಟೆ."

ಚಿತ್ರದಲ್ಲಿ ಟಪಾಲಣ್ಣ ಗೂನು ಬೆನ್ನು ಮಾಡಿಕೊಂಡು ಒಂದು ಬಾಗಿಲ ಮುಂದೆ ನಿಂತಿದ್ದ. ಕನ್ನಡಕ ಹಣೆಗೇರಿತ್ತು, ಹುಬ್ಬು ಗಂಟಿಕ್ಕಿತ್ತು, ಕಿವಿಯ ಹಿಂದೆ ಕೆಂಪಗೆ ಒಂದು ಕಡ್ಡಿಯಂಥದ್ದು ಚಾಚಿಕೊಂಡಿತ್ತು. ಟೋಪಿ ಎಡಕ್ಕೆ ವಾಲಿತ್ತು. ಟಪಾಲಣ್ಣನ ಟೋಪಿ ವಾಲುವುದು ಬಲಕ್ಕೆ. ಇಪ್ಪತ್ತು ವರ್ಷದಿಂದ ಬಲಕ್ಕೇ.

ಹತ್ತೂವರೆಗೆ ಮೊದಲ ಉತ್ತರ ಸಿದ್ಧವಾಯಿತು. ಪುಟ ಜೋಡಿಸುವವನು ಅದನ್ನು ಎತ್ತಿಕೊಂಡು ಓದಿದ.

"ಸಾರ್, ಇದು ಉತ್ತರ ಅಲ್ಲ, ಮರಣೋತ್ತರ ಪರೀಕ್ಷೆ ವರದಿ. ಹದಿನೇಳು ತಪ್ಪು ಬರೆದಿದೀರಲ್ಲ!"

"ಎರಡನ್ನ ಬಿಟ್ಟಿದೀನಪ್ಪಾ. ದಯೆಯಿಂದ."

ಪುಟ ಜೋಡಿಸುವವನು ಚಿತ್ರವನ್ನು ನೋಡಿದ, ತಿದ್ದಪ್ಪನವರನ್ನು ನೋಡಿದ, ಮತ್ತೆ ಚಿತ್ರವನ್ನು ನೋಡಿದ. "ಚಿತ್ರ ಮಾತ್ರ ಚೆನ್ನಾಗಿ ಬಂದಿದೆ ಸಾರ್. ತುಂಬಾನೇ ಚೆನ್ನಾಗಿ ಬಂದಿದೆ" ಎಂದು ಕೆಮ್ಮುತ್ತ ಹೊರಗೆ ಹೋದ.

ಎರಡನೆಯ ಉತ್ತರದಲ್ಲಿ ಹೊಗಳಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೌಂಟರಿನ ಅಕ್ಕ ಚಹಾ ತಂದವರು ಅದನ್ನೂ ಓದಿದರು. ಆ ಕಚೇರಿಯಲ್ಲಿ ಇನ್ನೊಬ್ಬರ ಕಾಗದ ಓದುವುದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ.

"ಇದೇನ್ ಸಾರ್ ಇದು, ಮನೆ ಮಾರೋ ದಲ್ಲಾಳಿ ಮಾತಾಡಿದ ಹಾಗಿದೆ! ಗೋಡೆ ಮೂರು ಕಡೆ ಬಿರುಕು ಬಿಟ್ಟಿದ್ರೂ ಗಾಳಿ ಬೆಳಕು ಚೆನ್ನಾಗಿದೆ ಅಂತಾರಲ್ಲ, ಹಾಗೆ."

"ಹೊಗಳಿ ಅಂತ ಮೇಡಮ್ಮೇ ಹೇಳಿದಾರಲ್ಲಮ್ಮಾ."

"ನನ್ನ ಮಗಳ ಚಿತ್ರಕ್ಕೂ ಅವರ ಮೇಷ್ಟ್ರು ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರು. ಒಂದಿನ ಅವಳು ಪುಸ್ತಕ ತಲೆಕೆಳಗಾಗಿ ಹಿಡಿದು ತೋರಿಸಿದಳು. ಆಗಲೂ ಚೆನ್ನಾಗಿದೆ ಅಂದ್ರು. ಅಲ್ಲಿಗೆ ಮುಗೀತು, ಮತ್ತೆ ಅವರಿಗೆ ತೋರಿಸಲೇ ಇಲ್ಲ. ಹೊಗಳಿಕೆ ಯಾರಿಗೆ ಬೇಕು ಸಾರ್, ಅವಳಿಗೆ ಬೇಕಾಗಿದ್ದು ಅವರು ಸರಿಯಾಗಿ ನೋಡೋದು."

ಅಕ್ಕ ಹೋದ ಮೇಲೆ ತಿದ್ದಪ್ಪನವರು ಪೆನ್ನು ಮುಟ್ಟದೆ ಬಹಳ ಹೊತ್ತು ಚಿತ್ರವನ್ನೇ ನೋಡುತ್ತ ಕುಳಿತರು. ತಪ್ಪು ಹುಡುಕದೆ ಏನನ್ನಾದರೂ ನೋಡಿ ಅವರಿಗೆ ಅಭ್ಯಾಸವಿರಲಿಲ್ಲ. ಮೊದಲು ಕಣ್ಣು ಕತ್ತಲಿಟ್ಟಂತಾಯಿತು. ಆಮೇಲೆ ಒಂದೊಂದಾಗಿ ಕಾಣತೊಡಗಿತು. ಗೆರೆಯಲ್ಲಿ ಅಳುಕಿಲ್ಲ. ಸೊಂಡಿಲು ಕಾಗದವನ್ನು ಮೊಟ್ಟೆಯ ಹಾಗೆ ಹಿಡಿದಿದೆ. ಮಗು ಯಾರನ್ನು ನೋಡಿಕೊಂಡು ಬರೆದಿದೆಯೋ, ಆ ವ್ಯಕ್ತಿಯನ್ನು ಬಹಳ ಕಾಲ, ಬಹಳ ತಾಳ್ಮೆಯಿಂದ ನೋಡಿದೆ. ತಾತನಿರಬೇಕು. ಸಿಡುಕು ತಾತ. ಪಾಪ ಮಗು!

ಉಳಿದದ್ದು ಒಂದೇ ಪ್ರಶ್ನೆ. ಒಂದೇ ತಿದ್ದುಪಡಿ ಎಂದರೆ ಟೋಪಿಯೋ, ಮುಖವೋ?

"ಟೋಪಿ" ಎಂದ ಪುಟ ಜೋಡಿಸುವವನು. "ಒಂದ್ಸಲ ಎಡಕ್ಕೆ ಅಚ್ಚಾಗಿ ನಲವತ್ತು ಕಾಗದ ಬಂದಿದ್ದು ಮರೆತ್ರಾ?"

"ಮಗು ಮುಖ ಬರೆದದ್ದು, ಮುಖದ ಬಗ್ಗೆ ಹೇಳಿ" ಎಂದರು ಅಕ್ಕ.

ಮೇಡಂ ಮೂರು ಸಲ ಬಂದು ಮೂರು ಅಭಿಪ್ರಾಯ ಕೊಟ್ಟು ಹೋದರು. ನಾಲ್ಕು ಗಂಟೆಗೆ ಮುಖ ಗೆದ್ದಿತು. ತಿದ್ದಪ್ಪನವರು ಬರೆದರು:

"ಚಿಟ್ಟೆ, ನಿನ್ನ ಗೆರೆಗೆ ಹೆದರಿಕೆಯಿಲ್ಲ. ಸೊಂಡಿಲು ಕಾಗದ ಹಿಡಿದಿರುವ ಚಂದ ನೋಡಿದರೆ ಒಳಗೆ ಒಳ್ಳೆಯ ಸುದ್ದಿಯೇ ಇದೆ ಅನ್ನಿಸುತ್ತದೆ. ಒಂದು ಮಾತು. ನೀನು ಬರೆದ ವ್ಯಕ್ತಿ ನಿನಗೆ ಚೆನ್ನಾಗಿ ಗೊತ್ತು, ಆದರೆ ಅವರು ನಾನಲ್ಲ. ಅದು ಕಾಗದ ತಲುಪಿಸಲು ಬಂದವರ ಮುಖವಲ್ಲ, ಬಂದ ಕಾಗದದಲ್ಲಿ ತಪ್ಪು ಹುಡುಕುವವರ ಮುಖ. ನೀನು ತಪ್ಪಾಗಿ ಬರೆದಿಲ್ಲ, ತಪ್ಪು ಮನುಷ್ಯರನ್ನು ಆರಿಸಿಕೊಂಡೆ, ಅಷ್ಟೆ. ಬೆನ್ನು ನೆಟ್ಟಗಿರುವ, ಬಾಗಿಲು ತೆರೆದ ಕೂಡಲೇ ನಗುವ ಒಬ್ಬರು ಅಕ್ಕಪಕ್ಕದಲ್ಲೇ ಇರುತ್ತಾರೆ. ಅವರನ್ನು ನೋಡಿ ಬರೆದು ಕಳಿಸು, ಅಚ್ಚು ಹಾಕುತ್ತೇವೆ. ಬಣ್ಣದ ಪೆಟ್ಟಿಗೆಯನ್ನು ಮಾತ್ರ ಯಾರಿಗೂ ಕೊಡಬೇಡ. ಅದು ಇರಬೇಕಾದವರ ಕೈಯಲ್ಲೇ ಇದೆ."

ಅಕ್ಕ ಕಣ್ಣೊರೆಸಿಕೊಂಡರು. ಮೇಡಂ, "ನೀವಾ ಬರೆದಿದ್ದು?" ಎಂದು ಎರಡು ಸಲ ಕೇಳಿ, ಹೆಜ್ಜೆಯ ಮುದ್ರೆಯನ್ನು ತಾವೇ ಒತ್ತಿದರು. ನಾಲ್ಕೂವರೆಗೆ ಉತ್ತರ ಕೌಂಟರಿಗೆ ಹೋಯಿತು. ಐದಕ್ಕೆ ಯಾರೋ ಬಂದು ತೆಗೆದುಕೊಂಡು ಹೋದರಂತೆ.

ಏಳಕ್ಕೆ ತಿದ್ದಪ್ಪನವರು ಶಿಳ್ಳೆ ಹಾಕುತ್ತ ಮನೆಯ ಬಾಗಿಲು ತೆರೆದರು. ನಡುಮನೆಯಲ್ಲಿ ಡ್ರಿಲ್ ಮಾಸ್ತರು ನಿಂತಿದ್ದರು. ಹೆಗಲಿಗೆ ತರಕಾರಿಯ ಚೀಲ, ತಲೆಗೆ ತಿದ್ದಪ್ಪನವರದೇ ಚಳಿಗಾಲದ ಟೋಪಿ. ಒಂದು ಕೈಯನ್ನು ಮೂಗಿನ ಬಳಿಯಿಂದ ಸೊಂಡಿಲಿನಂತೆ ಚಾಚಿ, ಬೆರಳ ತುದಿಯಲ್ಲಿ ಕರೆಂಟು ಬಿಲ್ಲು ಹಿಡಿದುಕೊಂಡು ಕಿವಿಯವರೆಗೆ ನಗುತ್ತಿದ್ದರು.

"ಅಲ್ಲಾಡಬೇಡಿ ಮಾಸ್ತರೇ, ಇನ್ನೆರಡು ನಿಮಿಷ" ಎಂದರು ಹೆಂಡತಿ. ಮಡಿಲಲ್ಲಿ ಹಲಗೆ, ಕೈಯಲ್ಲಿ ಕುಂಚ. "ಬಂದ್ರಾ? ರೀ, ಬೆಳಕಿಗೆ ಅಡ್ಡ ನಿಲ್ಲಬೇಡಿ."

ಮೇಜಿನ ಮೇಲೆ ಆನೆಯ ಹೆಜ್ಜೆಯ ಮುದ್ರೆಯಿದ್ದ ಕಾಗದ ಬಿಚ್ಚಿಕೊಂಡಿತ್ತು. ತಿದ್ದಪ್ಪನವರು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ನೀನು... ಚಿತ್ರ ಬರೀತೀಯಾ?"

"ಎಂಟು ವರ್ಷ ಆಯ್ತು. ನಿಮಗೆ ತೋರಿಸೋಕೆ ಧೈರ್ಯ ಇರಲಿಲ್ಲ. ಡಬ್ಬಿ ಚೀಟಿ ನೆನಪಿದೆಯಲ್ಲ? ಕೈಬರಹ ಗೊತ್ತಾದೀತು ಅಂತ ಚೀಟೀನೂ ಮಾಸ್ತರ ಕೈಲೇ ಬರೆಸಿದೆ. ಉತ್ತರಾನೂ ಅವರೇ ಹೋಗಿ ತಂದ್ರು."

"ಒಳ್ಳೇ ದಿನ ಅಂತ ಬೆಳಿಗ್ಗೇನೇ ಹೇಳಿದೆನಲ್ಲ, ಸಾರ್!" ಎಂದಿತು ಸೊಂಡಿಲಿನ ಹಿಂದಿನ ದನಿ.

"ಮತ್ತೆ ಮೊದಲು... ಯಾರನ್ನ ನೋಡಿ ಬರೆದಿದ್ದೆ?"

"ಇನ್ಯಾರನ್ನ? ನನಗೇನೋ ಆ ಮುಖ ಇಷ್ಟಾನೇ ಆಗಿತ್ತು. ಆದರೆ ಟಪಾಲಣ್ಣ ಹೇಳಿದ್ದು ಓದಿದ ಮೇಲೆ ಹೌದಲ್ಲಾ ಅನ್ನಿಸ್ತು." ಆಕೆ ಕೈಚಾಚಿ ಗಂಡನ ಕಿವಿಯ ಹಿಂದಿನ ಕೆಂಪು ಪೆನ್ನನ್ನು ತೆಗೆದು ಮೇಜಿನ ಮೇಲಿಟ್ಟರು. "ಎಷ್ಟು ಚೆನ್ನಾಗಿ ಹೇಳಿದಾರೆ ನೋಡಿ. ತಪ್ಪು ತೋರಿಸಿದ್ರೂ ನೋವಾಗಲ್ಲ. ಅವರ ಹೆಂಡತಿ ಪುಣ್ಯ ಮಾಡಿರಬೇಕು."

ತಿದ್ದಪ್ಪನವರು ಆ ಕಾಗದವನ್ನು ಕೈಗೆತ್ತಿಕೊಂಡರು. ಬರೆದದ್ದು ನಾನೇ ಎನ್ನಬಹುದಿತ್ತು. ಹಾಗೆಂದರೆ ಆ ಮುಖವನ್ನು ಬೇಡವೆಂದವರೂ ತಾವೇ ಎಂದು ಒಪ್ಪಿದಂತೆ. ಅದಕ್ಕಿಂತ ಹೆಚ್ಚಾಗಿ, ಆಕೆಯ ಕೈಯಿಂದ ಆ ಕಾಗದವನ್ನು ಕಿತ್ತುಕೊಂಡಂತೆ. ಅದನ್ನು ಮಡಿಸಿ ಆಕೆಯ ಪಕ್ಕದಲ್ಲಿಟ್ಟರು.

"ಇದು ಹೇಗಿದೆ, ನೋಡಿ ಹೇಳಿ" ಎಂದು ಆಕೆ ಹಲಗೆ ತಿರುಗಿಸಿದರು.

ನೆಟ್ಟಗೆ ನಿಂತ, ನಗುವ ಆನೆ. ಟೋಪಿ ಎಡಕ್ಕೆ ವಾಲಿತ್ತು. ತಿದ್ದಪ್ಪನವರ ಕೈ ತಾನಾಗಿ ಕಿವಿಯ ಹಿಂದೆ ಹೋಗಿ, ಅಲ್ಲಿ ಏನೂ ಸಿಗದೆ, ಕಿವಿಯನ್ನು ಕೆರೆದುಕೊಂಡು ಕೆಳಗಿಳಿಯಿತು.

"ಚೆನ್ನಾಗಿದೆ."

"ನೋಡದೇ ಹೇಳ್ತೀರಿ" ಎಂದರು ಹೆಂಡತಿ.

ಕೊಟ್ಟ ಮಾತಿನಂತೆ ಚಿತ್ರ ಮುಂದಿನ ಸಂಚಿಕೆಗೆ ಆಯ್ಕೆಯಾಯಿತು. ಪುಟ ಕರಡಿಗೆ ಬಂದಾಗ ತಿದ್ದಪ್ಪನವರು ಒಂದು ಗಂಟೆ ಅದನ್ನು ನೋಡಿದರು, ಕೆಂಪು ಗುರುತು ಹಾಕದೆ ಸಹಿ ಮಾಡಿ ಕಳಿಸಿದರು. ತಿದ್ದಪ್ಪನವರೇ ನೋಡಿದ್ದಾರೆಂದು ಬೇರೆ ಯಾರೂ ನೋಡಲಿಲ್ಲ.

ಟೋಪಿಯ ಬಗ್ಗೆ ಐವತ್ತೆರಡು ದೂರಿನ ಕಾಗದ ಬಂದವು. ಸೋಮವಾರದಿಂದ ಅವರು ರೈಲ್ವೆ ವೇಳಾಪಟ್ಟಿ ತಿದ್ದುತ್ತಿದ್ದಾರೆ.