ಕೌದಿಯಂಥದೇ ವೆಬ್‌ಸೈಟು

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೌದಿ ಹೊಲಿಯುವವರ ಗುಣವೇ ಅದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಈ ಅಂಚಿನಿಂದ ಆ ಅಂಚಿನ ತನಕ ದಾರ ಓಡಿಸುವ ಕೆಲಸ ನಮ್ಮದು. ನಡುವೆ ಅಂಗೈಯಗಲ ಬರಿದಾಗಿ ಉಳಿದರೂ ನೋಡಿದವರು "ತುಂಡು ಸಾಲಲಿಲ್ಲೇನ್ರಿ?" ಎಂದು ಕೇಳಿಬಿಡುತ್ತಾರೆ. ನನಗೋ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಬೆವರು. ಹಳ್ಳಿ ಸಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದವಳು ನಾನು. ಮೊಮ್ಮಕ್ಕಳೇ, ಇಂಥ ನಿಮ್ಮ ಅಜ್ಜಿ ಲೋಕವೆಲ್ಲ ನೋಡುವಂಥ ವೆಬ್‌ಸೈಟ್ ಮಾಡಿಸಿದಳು ಎಂದರೆ! ಬರೆಯುವಾಗಲೂ ಮೈ ಜುಂ ಎನ್ನುತ್ತಿದೆ.

ಇದಕ್ಕೆಲ್ಲ ಕಾರಣ ನನ್ನ ಗೆಳತಿ ಗಂಗವ್ವ. ನಿಮ್ಮ ಅಜ್ಜ ಹೋದ ಮೇಲೆ ನಾನು ಮೂಲೆ ಹಿಡಿದು ಕೂತಿದ್ದಾಗ ಎಳೆದು ತಂದು ಕಟ್ಟೆಯ ಮೇಲೆ ಕೂರಿಸಿ, ಕೈಗೆ ಸೂಜಿ ಕೊಟ್ಟವಳು ಅವಳು. ಅಂದಿನಿಂದ ಇಬ್ಬರೂ ಒಂದೇ ಕೌದಿಯ ಎರಡು ಕಡೆ ಕೂತು ಹೊಲಿಯುತ್ತೇವೆ. ನನ್ನ ಪಾಲಿನ ಮಾತನ್ನೂ ಅವಳೇ ಆಡುತ್ತಾಳೆ. ಆದರೆ ಈಗ ಜನ ಅಂಗಡಿಯ ಮೆತ್ತನೆಯ ಬ್ಲ್ಯಾಂಕೆಟ್ ಹೊದೆಯುತ್ತಾರೆ, ಕೌದಿ ಹೊಲಿಸಲು ಸೀರೆ ತರುವವರು ಕಡಿಮೆಯಾದರು. ಒಂದು ದಿನ ಗಂಗವ್ವ ಹೇಳಿಯೇಬಿಟ್ಟಳು: "ಯಕ್ಕಾ, ಕೆಲಸ ಇಲ್ಲದ ನಿನ್ನ ಮಾರಿ ನೋಡ್ಕೋತ ಎಷ್ಟ ದಿನಾ ಕುಂದರ್ಲಿ? ಯುಗಾದಿ ತನಕಾ ನೋಡತೇನಿ. ಆಮ್ಯಾಲ ಮೂಡಲಗಿಗೆ ಹಪ್ಪಳದ ಕೆಲಸಕ್ಕ ಹೋಗತೇನಿ." ಅವಳು ಹೋದರೆ ನಾನು ಮತ್ತೆ ಮೂಲೆಗೇ. ಆ ರವಿವಾರವೇ ಗೋಕಾಕದಿಂದ ನಿಮ್ಮ ದೀಪಾ ಅತ್ತೆಯನ್ನು ಕರೆಸಿದೆ. ಊರಿನ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುವ ನನ್ನ ಮಗಳು ತನ್ನ ಅವ್ವನಿಗೆ ಮಾಡಿಕೊಡದಿದ್ದರೆ ಹೇಗೆ?

ದೀಪಾ ಬಂದವಳೇ, "ಅವ್ವಾ, ಮಾರೋ ಕೌದಿ ತಾ, ಫೋಟೋ ತಗೀತೇನಿ" ಎಂದಳು. ಮಾರುವ ಕೌದಿ ಎಲ್ಲಿದೆ? ಅವರವರ ಸೀರೆ ಅವರವರ ಕೌದಿಯಾಗಿ ಅವರವರ ಮನೆ ಸೇರಿದೆ. ಸರಿ, ಮೂವರೂ ನಮ್ಮೂರು ಕುಲಗೋಡದ ಓಣಿಗಳಲ್ಲಿ ಹಾಸಿಗೆ ಹುಡುಕುತ್ತ ಹೊರಟೆವು. ಮಲ್ಲಪ್ಪಜ್ಜ ನಾವು ಹೊಲಿದ ಕೌದಿ ಹೊದ್ದು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಕೌದಿ ಕೇಳಿದರೆ ಗಲ್ಲದ ತನಕ ಎಳೆದುಕೊಂಡು, "ನಾ ಏಳಂಗಿಲ್ಲ ನೋಡ್ರವ್ವಾ. ಹೊದ್ದಾಗ ಫೋಟೋ ತಗದ್ರನ ಎಷ್ಟ ಬೆಚ್ಚಗ ಐತಿ ಅನ್ನೂದು ಗೊತ್ತಾಗತೈತಿ" ಎಂದು ಮತ್ತೆ ಕಣ್ಣು ಮುಚ್ಚಿದರು. ಹಾಗೆಯೇ ಫೋಟೋ ತೆಗೆದೆವು.

ಇನ್ನು ಪುಟ ಕೂಡಿಸುವ ಕೆಲಸ. ಕಂಪ್ಯೂಟರಿನ ಪರದೆಯ ಮೇಲೆ ದೀಪಾ ಒಂದು ಚಿತ್ರ ಇಟ್ಟು ಸುತ್ತಲೂ ಬೆಳ್ಳಗೆ ಬಿಟ್ಟಳು. ನನ್ನ ಕೈ ತುರಿಸತೊಡಗಿತು. "ಅಲ್ಲೊಂದು ಕೆಂಪು ತುಂಡು ಹಾಕು" ಎಂದೆ. "ಅವ್ವಾ, ಜಾಗಾ ಬಿಡಬೇಕು, ಇಲ್ಲಾಂದ್ರ ನೋಡೋರ ಕಣ್ಣು ದಣೀತಾವ." ನಾನು ಕೇಳಲಿಲ್ಲ. ಕೆಂಪಿನ ಬಾಜೂ ಹಳದಿ, ಹಳದಿಯ ಕೆಳಗೆ ಗಿಳಿಹಸಿರು, ಒತ್ತಿದರೆ ಅರಳುವ ಹೂವು, ಹಾರುವ ಗುಬ್ಬಿ! ಜೀವನದಲ್ಲಿ ಅಷ್ಟು ಮಾತು ಒಂದೇ ದಿನ ಆಡಿದ್ದು ನೆನಪಿಲ್ಲ. ಸಂಜೆ ಹೊತ್ತಿಗೆ ಪುಟದಲ್ಲಿ ಸೂಜಿ ಊರಲೂ ಜಾಗವಿರಲಿಲ್ಲ. ನನಗೆ ಸ್ವರ್ಗ.

ನೋಡಿದವರೆಲ್ಲ "ಭಾಳ ಛಂದ ಆಗೇತ್ರಿ" ಎಂದರು. ಫೋನ್ ಮಾತ್ರ ಒಂದೂ ಬರಲಿಲ್ಲ. ಯುಗಾದಿ ಹತ್ತಿರ ಬಂತು, ಗಂಗವ್ವ ಮೂಡಲಗಿಯ ಬಸ್ಸಿನ ಹೊತ್ತು ವಿಚಾರಿಸತೊಡಗಿದಳು. ದೀಪಾ ಗೋಕಾಕದಿಂದ ಮತ್ತೆ ಓಡಿ ಬಂದು ಗಂಗವ್ವನ ಕೈಗೆ ಮೊಬೈಲ್ ಕೊಟ್ಟಳು: "ಕಾಕೂ, ನೀವು ಹುಕ್ಕೇರಿಯಾಕಿ, ಕೌದಿ ಹೊಲಿಸಬೇಕಾಗೇತಿ ಅಂತ ತಿಳ್ಕೋರಿ. ಇದರಾಗಿಂದ ನಮಗ ಫೋನ್ ಹಚ್ಚರಿ ನೋಡೂನು." ಗಂಗವ್ವ ಕೆಂಪು ಒತ್ತಿದಳು, ಹೂವು ಅರಳಿತು. ಹಳದಿ ಒತ್ತಿದಳು. "ಯಕ್ಕಾ, ಗುಬ್ಬಿ ಹಾರಿ ಹೋತು! ಫೋನ್ ಎಲ್ಲೈತಿ?" ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಹಸಿರು ಬೇಕೆಂದು ಹಟ ಮಾಡಿ ಕೂರಿಸಿದವಳು ನಾನೇ, ಆ ಹಸಿರು ತುಂಡಿನಲ್ಲೇ ಫೋನ್ ನಂಬರು ಇತ್ತು. ನನಗೂ ಸಿಗಲಿಲ್ಲ, ಕೊನೆಗೆ ದೀಪಾಳೇ ತೋರಿಸಿದಳು. "ಇದು ಕೌದಿನ ಆಗೇತಿ ಬಿಡು, ಹೊದ್ಕೊಂಡ ಮಲಗೂನು" ಎಂದಳು ಗಂಗವ್ವ.

ಹಲ್ಲು ಕಚ್ಚಿ "ಬಿಚ್ಚು" ಎಂದೆ. ದೀಪಾ ಒಂದೊಂದೇ ತುಂಡು ಕಿತ್ತಳು. ಕೊನೆಗೆ ಬೆಳ್ಳನೆಯ ಪುಟದಲ್ಲಿ ಉಳಿದದ್ದು ಕೌದಿಯೊಳಗೆ ನಿದ್ದೆ ಹೋದ ಮಲ್ಲಪ್ಪಜ್ಜ, ಕೆಳಗೆ 'ನಿಮ್ಮ ಸೀರೆ ತನ್ನಿ, ಕೌದಿ ಹೊಲಿದು ಕೊಡುತ್ತೇವೆ' ಎಂಬ ಒಂದು ಸಾಲು, ಅದರ ಕೆಳಗೆ ದೊಡ್ಡದಾಗಿ ಫೋನ್ ನಂಬರು. ನನಗೆ ಅಳುವೇ ಬಂತು.

ಯುಗಾದಿಗೆ ಇನ್ನೂ ಎರಡು ದಿನವಿತ್ತು, ಫೋನ್ ರಿಂಗಾಯಿತು! ಎತ್ತಲು ಧೈರ್ಯ ಸಾಲದೆ ಗಂಗವ್ವನ ಕಡೆ ಚಾಚಿದೆ. ಮರುದಿನವೇ ಹುಕ್ಕೇರಿಯ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರೊಬ್ಬರು ತೀರಿಕೊಂಡ ತಮ್ಮ ತಾಯಿಯ ಸೀರೆಗಳ ಗಂಟು ಹೊತ್ತು ಬಂದರು. "ಆ ಅಜ್ಜಾರು ಮಲಗಿದ್ದ ನೋಡಿ ನಮ್ಮವ್ವನ ನೆನಪಾತ್ರಿ" ಎಂದರು. ಗಂಗವ್ವ ಕಣ್ಣು ಒರೆಸಿಕೊಂಡು ಚಾಪೆ ಬಿಚ್ಚಿ ಹಾಸಿದಳು. ಮೂಡಲಗಿಯ ಸುದ್ದಿ ಮತ್ತೆ ಎತ್ತಲಿಲ್ಲ.

ನಿನ್ನೆ ಗೋಕಾಕದಿಂದ ದೀಪಾ ಫೋನ್ ಮಾಡಿದ್ದಳು. "ಅವ್ವಾ, ವೆಬ್‌ಸೈಟ್ ಯಾರ್ಯಾರು ನೋಡತಾರ ಅಂತ ಇಲ್ಲಿ ಗೊತ್ತಾಗತೈತಿ. ನಿಮ್ಮ ಕಡಿಂದನ ಯಾರೋ ಒಬ್ರು ಒಂದ ಫೋನಿನಾಗ ದಿನಾ ಮುಂಜಾನಿಂದ ಸಂಜೀತನಕ ತಗದ ತಗದ ನೋಡಾಕತ್ತಾರ. ಯಾರಿರಬೇಕು?" ಎಂದು ಕೇಳಿದಳು. ಗಂಗವ್ವ ನನ್ನನ್ನೇ ನೋಡುತ್ತ ಸೂಜಿ ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಯಾರಿರಬಹುದು ಎಂದು ನಾನೂ ದೀಪಾಳ ಜೊತೆ ಬಹಳ ಹೊತ್ತು ವಿಚಾರ ಮಾಡಿದೆ.